ಬಲ್ಝಾನ್‌ಳ ಹಿನ್ನೆಲೆ ಎಣಿಕೆ

ಎಲ್ಲಿಂದ ಶುರು ಮಾಡಲಿ? ಪರಮಾಣುವಿನ ನಡುವೆ ಬೀಜವೊಂದಿದೆ ಎಂದು ಬರೆದೆ. ಮೂರನೇ ಸಾಲಿಗೆ ನನಗೇ ಆಕಳಿಕೆ ಬಂತು. ಹರಿದು ಹಾಕಿದೆ. ಸೆಮೆಯ್ ಊರಾಚೆಯ ಬಯಲು, ಅಲ್ಲಿ ಹಿಂದೆ ಪರೀಕ್ಷೆಗೆಂದು ಸಿಡಿಸಿದ ಅಣುಬಾಂಬುಗಳು ಎಂದು ಇನ್ನೊಂದು ಡ್ರಾಫ್ಟ್ ಮಾಡಿದೆ. ಬಿಎಸ್ಸಿಗೆ ಪರಮಾಣು ಭೌತಶಾಸ್ತ್ರ ಕಲಿಸುವ ತೊಲೆಗೆನ್ ಅಗಾಯ್ (ಅಲ್ಲಿ ಮೇಷ್ಟ್ರಿಗೆ ಹಾಗೆನ್ನುತ್ತಾರೆ), ನನ್ನದೇ ಪಾತ್ರ, ಮುಖ ಸಿಂಡರಿಸಿದರು.

"ಬಾಂಬಿನ ಕಥೆ ಎಲ್ರೂ ಹೇಳ್ತಾರೆ. ನನ್ನ ಮೇಜಿನ ಮೇಲಿರೋ ರೆಕಾರ್ಡ್ ನೋಡಿ ಸಾಕು."

೧. ರೆಕಾರ್ಡು ಅವರ ವಿದ್ಯಾರ್ಥಿನಿ ಬಲ್ಝಾನ್‌ಳದು. ಪ್ರತಿವರ್ಷ ಅಗಾಯ್ ವಿಕಿರಣ ಎಣಿಸುವ ಕೌಂಟರನ್ನು ಒಬ್ಬೊಬ್ಬ ವಿದ್ಯಾರ್ಥಿಯ ಮನೆಗೂ ಕಳಿಸುತ್ತಾರೆ. ಮೊದಲು ಆ ವಸ್ತು ಹತ್ತಿರವಿಲ್ಲದೆ ಬರಿದೇ ಎಣಿಸಬೇಕು, ಅದು ಹಿನ್ನೆಲೆ. ಆಮೇಲೆ ಮನೆಯ ವಸ್ತುವೊಂದರ ಪಕ್ಕ ಎಣಿಸಿ, ಹಿನ್ನೆಲೆಯನ್ನು ಕಳೆಯಬೇಕು. ಬಲ್ಝಾನ್ ಆರಿಸಿದ್ದು ಅಜ್ಜಿ ಕಡಾಯಿ ಇಡುವ ಕಬ್ಬಿಣದ ಮುಕ್ಕಾಲಿ. ನಿಮಿಷಕ್ಕೆ ೨೧೪. ಹಿನ್ನೆಲೆ ೨೧೨. ಉಳಿದದ್ದು ಎರಡು. 'ವಿಶೇಷವೇನಿಲ್ಲ' ಎಂದು ದುಂಡಗೆ ಬರೆದಿದ್ದಳು.

(ಆ ಊರಿನ ಹಿನ್ನೆಲೆ ಇಪ್ಪತ್ತರ ಆಸುಪಾಸು. ಅಗಾಯ್‌ಗೆ ಗೊತ್ತು, ಈಗ ನಿಮಗೂ.)

೩. (ಎರಡರಲ್ಲಿ ಪ್ರಕೃತಿ ವರ್ಣನೆಯಿತ್ತು, ಕಿತ್ತುಹಾಕಿದೆ.)

"ಹಿನ್ನೆಲೆ ಎಲ್ಲಿ ಎಣಿಸ್ದೆ?"

"ಅಡುಗೆಮನೇಲೇ ಅಗಾಯ್, ಒಲೆ ಪಕ್ಕ."

"ಮುಕ್ಕಾಲಿ ಹೊರಗಿಟ್ಟಿದ್ಯಾ?"

"ಅದನ್ಯಾಕೆ ಹೊರಗಿಡ್ಲಿ? ನಾನು ಹುಟ್ಟೋಕ್ ಮುಂಚಿಂದ ಅಲ್ಲೇ ಇದೆ. ತಾತ ಊರಾಚೆ ಬಯಲಲ್ಲಿ ಕಬ್ಬಿಣ ಆರಿಸ್ಕೊಂಡ್ ಬಂದು ಮಾಡಿದ್ದು."

ಕೊನೆ, ಒಂದು: ಅಗಾಯ್ 'ಸರಿ' ಎಂದು ಗುರುತು ಹಾಕುತ್ತಾರೆ. ಅಜ್ಜಿಗೆ ಎಂಬತ್ತು, ನೆಮ್ಮದಿಯಾಗಿರಲಿ. ನನಗಿದು ಹಿಡಿಸಿತು. ಅಗಾಯ್ ನನ್ನ ಪೆನ್ನು ಕಿತ್ತುಕೊಂಡರು. "ಈ ಹುಡುಗೀನೂ ಅಲ್ಲೇ ಉಣ್ತಾಳೆ ಕಣ್ರೀ."

ಕೊನೆ, ಇನ್ನೊಂದು: ಅಧಿಕಾರಿಗಳು ಮುಕ್ಕಾಲಿ ಒಯ್ಯುತ್ತಾರೆ, ಎಲ್ಲರೂ ನೂರು ವರ್ಷ ಬಾಳುತ್ತಾರೆ. (ಬರೆದ ನನಗೇ ನಂಬಿಕೆ ಬರಲಿಲ್ಲ.)

ಅಗಾಯ್ ೨೧೨ರ ಮೇಲೆ ಕೆಂಪು ಗೆರೆ ಎಳೆದರು. "ಇದು ಹಿನ್ನೆಲೆ ಅಲ್ಲಮ್ಮ."

ಬಲ್ಝಾನ್ ಜಾಣೆ, ಬಿಡಿಸಿ ಹೇಳಬೇಕಾಗಲಿಲ್ಲ. ೨೧೨ರ ಪಕ್ಕ ತಾನೇ 'ಮುಕ್ಕಾಲಿ' ಎಂದು ಬರೆದಳು.

"ಅಜ್ಜಿಗೆ ಯಾರು ಹೇಳೋದು ಅಗಾಯ್? ತಾತ ಕೈಯಾರೆ ಮಾಡಿದ್ದು ಅಂತ ದಿನಾ ಒರೆಸಿಡ್ತಾಳೆ."

ಅಗಾಯ್ ನನ್ನತ್ತ ತಿರುಗಿ ನೋಡಿದರು. ಕೋಟು ಹಾಕಿಕೊಂಡು ತಾವೇ ಅವಳ ಜೊತೆ ಹೊರಟರು.

ಬಾಗಿಲು ತೆರೆದ ಅಜ್ಜಿ, ಮೊಮ್ಮಗಳ ಮೇಷ್ಟ್ರು ಬಂದರೆಂದು ಹಿಗ್ಗಿಹೋದಳು. "ಅಯ್ಯೋ, ಚಳೀಲಿ ಬಂದಿದೀರ. ಇಲ್ಲಿ ಬನ್ನಿ, ಒಲೆ ಪಕ್ಕ, ಬೆಚ್ಚಗಿದೆ." ಮುಕ್ಕಾಲಿಯ ಪಕ್ಕದ ತನ್ನ ಜಾಗವನ್ನೇ ಬಿಟ್ಟುಕೊಟ್ಟಳು.

ಅಗಾಯ್ ಕೂತರು. ಇಲ್ಲಿಂದ ಮುಂದಕ್ಕೆ ನನ್ನಿಂದ ಬರೆಯಲಾಗುತ್ತಿಲ್ಲ.