ಎಲೆ ಹಾಕುವ ಸರದಿ

ಯುಗಾದಿ ಹತ್ತಿರ ಬಂತೆಂದರೆ ಡಬ್ಲಿನ್‌ನ ನಮ್ಮವರ ಮನೆಗಳಲ್ಲಿ ಒಂದೇ ಪ್ರಶ್ನೆ, ಟಿಕೆಟ್ ಆಯ್ತಾ? ಆಡಮ್ಸ್‌ಟೌನ್‌ನ ರಜನಿಯನ್ನೂ ಎಲ್ಲರೂ ಅದನ್ನೇ ಕೇಳುತ್ತಿದ್ದರು. ಈ ಸಲ ಮಾತ್ರ ಅವಳು ಮಾತು ಮರೆಸಿ ಕಾಫಿಗೆ ಇಡಲು ಎದ್ದುಬಿಡುತ್ತಿದ್ದಳು.

ರಜನಿ ತವರಿಗೆ ಹೋಗಿ ನಾಲ್ಕು ವರ್ಷವಾಗಿತ್ತು. ತವರು ಮದ್ದೂರಿನ ಹತ್ತಿರ. ಅಲ್ಲಿ ಯುಗಾದಿಯ ಮಾರನೆಯ ದಿನ ಹೊಸತೊಡಕಿನ ಬಾಡೂಟ ಮುಗಿಸಿ, ಇಡೀ ಮನೆ ಚಾಪೆ ಹಾಸಿಕೊಂಡು ಇಸ್ಪೀಟಿಗೆ ಕೂರುತ್ತದೆ. ಆಟ ಅಂದರ್-ಬಾಹರ್. ನಡುವೆ ಒಂದು ಎಲೆ ತೆರೆದಿಟ್ಟು, ಒಳಗೊಂದು ಹೊರಗೊಂದು ಎಲೆ ಹಾಕುತ್ತಾ ಹೋಗುತ್ತಾರೆ. ನಡುವಿನ ಎಲೆಯ ಜೋಡಿ ಯಾವ ಕಡೆ ಬೀಳುತ್ತದೋ ಆ ಕಡೆ ಕಟ್ಟಿದವರು ಗೆದ್ದ ಹಾಗೆ. ಸೋತ ಚಿಕ್ಕಪ್ಪ ಎಲೆಗೇ ಬಯ್ಯುವುದು, ಅಕ್ಕ ರತ್ನಾ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುವುದು, ಆ ಗದ್ದಲಕ್ಕೆ ರಜನಿಯ ಜೀವ ಹಂಬಲಿಸುತ್ತಿತ್ತು. ಇಲ್ಲಿ ಮನೆ ಬೆಚ್ಚಗಿದೆ, ಕಿಟಕಿಗೆ ಡಬಲ್ ಗ್ಲಾಸಿದೆ, ಪಕ್ಕದವರು ಸೀನಿದರೂ ಕೇಳುವುದಿಲ್ಲ. ಅವಳಿಗೆ ಅದೇ ಕಷ್ಟವಾಗಿತ್ತು.

ಹೀಗಿರುವಾಗ ಫೋನಿನಲ್ಲಿ ಒಂದು ಕ್ಯಾಸಿನೊ ಆಪ್‌ನ ಜಾಹೀರಾತು ಬಂತು. ಅದೇ ಅಂದರ್-ಬಾಹರ್! ರಜನಿ ಹೆಸರು ಕೊಟ್ಟು ಒಳಹೊಕ್ಕಳು. ಜರಿ ಸೀರೆ ಉಟ್ಟ ಹುಡುಗಿಯೊಬ್ಬಳು ಲೈವ್‌ನಲ್ಲಿ ಎಲೆ ಹಾಕುತ್ತಾಳೆ, "ಹಲೋ ರಜನಿ" ಎಂದು ಹೆಸರು ಹಿಡಿದು ಕರೆಯುತ್ತಾಳೆ. ರಜನಿ ಕರಗಿಹೋದಳು. ಅವಳಿಗೆ ವಾರಕ್ಕೆ ಮೂರು ದಿನ ಕ್ಲಾಂಡಾಲ್ಕಿನ್‌ನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕ್ರೆಶ್ ಒಂದರಲ್ಲಿ ಕೆಲಸ. ಉಳಿದ ದಿನ ಗಂಡ ಜಯರಾಮ ಆಫೀಸಿಗೆ ಹೊರಟದ್ದೇ ಇವಳ ಹಬ್ಬ ಶುರು. ಊರಿಗೆ ಹೋಗಲೆಂದು ಕೂಡಿಟ್ಟ ದುಡ್ಡು ಸ್ವಲ್ಪ ಸ್ವಲ್ಪವೇ ಆ ಸೀರೆಯ ಹುಡುಗಿಯ ಮುಂದೆ ಕರಗಿತು.

ಫೆಬ್ರವರಿಯ ಒಂದು ಬೆಳಗ್ಗೆ ಗೆಳತಿ ಅರ್ಪಿತಾ ಬಂದಳು. ಇವಳು ಹಿಂದೆ ಇಂಥದ್ದೇ ಆಟಗಳನ್ನು ತಯಾರಿಸುವ ಕಂಪನಿಯೊಂದರಲ್ಲಿ ಟೆಸ್ಟರ್ ಆಗಿದ್ದವಳು.

"ಎಲ್ಲಾ ಗ್ರ್ಯಾಂಡಾ, ಚೆನ್ನಾಗಿದ್ದೀಯಾ? ಟಿಕೆಟ್ ಮಾಡಿದ್ಯೇನೇ? ರೇಟ್ ಏರ್ತಾ ಐತೆ."

"ಮಾಡ್ಬೇಕು..."

ಅಷ್ಟರಲ್ಲಿ ಮೇಜಿನ ಮೇಲಿದ್ದ ಫೋನು ಬಾಯಿಬಿಟ್ಟಿತು. "ರಜನಿ, ಪ್ಲೇಸ್ ಯುವರ್ ಬೆಟ್ಸ್!" ಫೋನಿಗೆ ಮಾನ ಮರ್ಯಾದೆ ಎಲ್ಲಿಯದು!

"ಇದು ಎಷ್ಟು ದಿನದಿಂದ?" ಎಂದಳು ಅರ್ಪಿತಾ.

"ಸುಮ್ನೆ ಟೈಮ್‌ಪಾಸ್ ಕಣೇ. ನಂಗೇನು ಹೊಸ ಆಟನಾ? ಲಂಗ ಹಾಕೋ ವಯಸ್ಸಿಂದ ಆಡಿದೀನಿ. ನೋಡು, ಐದು ಸಲ ಬಾಹರ್ ಬಿದ್ದೈತೆ, ಈಗ ಅಂದರ್ ಬೀಳ್ಲೇಬೇಕು. ಟಿಕೆಟ್ ದುಡ್ಡು ವಾಪಸ್ ಬಂದ್ಬಿಡುತ್ತೆ."

"ಟಿಕೆಟ್ ದುಡ್ಡಾ?"

ರಜನಿ ನಾಲಿಗೆ ಕಚ್ಚಿಕೊಂಡಳು. ಅರ್ಪಿತಾ ಬಯ್ಯಲಿಲ್ಲ.

"ಮನೇಲಿ ಇಸ್ಪೀಟ್ ಪ್ಯಾಕ್ ಇದ್ರೆ ತಾ. ಒಂದ್ ಬಟ್ಲು ಕಡ್ಲೆಬೀಜನೂ ತಾ" ಎಂದಳು.

ಇಬ್ಬರೂ ಬೀಜ ಹಂಚಿಕೊಂಡು ಕೂತರು. ರಜನಿ ಅಂದರ್ ಕಡೆಗೆ ಹತ್ತು ಬೀಜ ಕಟ್ಟಿದಳು. ಅರ್ಪಿತಾ ಮೊದಲ ಎಲೆಯನ್ನು ಅಂದರ್ ಕಡೆಗೇ ಹಾಕಿ ಶುರುಮಾಡಿದಳು. ರಜನಿ ಗೆದ್ದಳು. ಅರ್ಪಿತಾ ಹತ್ತು ಬೀಜ ಎಣಿಸಿ, ಒಂದನ್ನು ತನ್ನ ಬಾಯಿಗೆ ಹಾಕಿಕೊಂಡು ಒಂಬತ್ತು ಕೊಟ್ಟಳು.

"ಏಯ್, ಮೋಸ! ನಾನು ಕಟ್ಟಿದ್ದು ಹತ್ತು!"

"ಮೋಸ ಅಲ್ಲಮ್ಮ, ಅವರ ರೂಲ್ಸೇ ಹಂಗೆ. ಮೊದ್ಲು ಎಲೆ ಬೀಳೋ ಕಡೆಗೆ ಗೆಲುವು ಒಂಚೂರು ಜಾಸ್ತಿ, ನೂರಕ್ಕೆ ಐವತ್ತೊಂದೂವರೆ. ಅದಕ್ಕೇ ಆ ಕಡೆ ಗೆದ್ರೆ ಯೂರೋಗೆ ತೊಂಬತ್ತು ಸೆಂಟೇ ಕೊಡೋದು. ಇನ್ನೊಂದ್ ಕಡೆಗೆ ಪೂರ್ತಿ ಕೊಡ್ತಾರೆ, ಆದ್ರೆ ಅದು ಗೆಲ್ಲೋದೇ ಕಮ್ಮಿ. ಎಲ್ಲಿ ಕಟ್ಟಿದ್ರೂ ನೂರು ಯೂರೋದಲ್ಲಿ ಎರಡೋ ಮೂರೋ ಅವರ ಪಾಲು."

"ಅಷ್ಟೇ ತಾನೇ? ಹೋಗ್ಲಿ ಬಿಡು."

"ಒಂದಾಟಕ್ಕೆ ಒಂದ್ ನಿಮಿಷ ಹಿಡಿದ್ರೆ ಜಾಸ್ತಿ. ಅದೇ ನೂರನ್ನ ನೀನು ಬೆಳಗ್ಗೆಯಿಂದ ತಿರುಗಿಸಿ ತಿರುಗಿಸಿ ಕಟ್ತೀಯ. ಪ್ರತಿ ಸುತ್ತಿಗೂ ಅವರ ಪಾಲು ಹೋಗ್ತಾನೇ ಇರುತ್ತೆ."

"ಐದು ಸಲ ಬಾಹರ್ ಬಿದ್ದಿದ್ದು?"

"ಅದು ಎಲೆಗೆ ನೆನಪಿರುತ್ತೇನೇ? ಪ್ರತಿ ಸಲ ಹೊಸದಾಗಿ ಕಲಸ್ತಾರೆ. ಆರನೇ ಸಲಕ್ಕೂ ಅದೇ ಲೆಕ್ಕ."

ಆಟ ಮುಂದುವರಿಯಿತು. ರಜನಿ ಗೆದ್ದಳು, ಸೋತಳು, ಮತ್ತೆ ಗೆದ್ದಳು. ಆದರೂ ಅವಳ ಮುಂದಿನ ರಾಶಿ ಸಣ್ಣದಾಗುತ್ತಾ ಬಂತು. ಅವಳಿಗೆ ರೇಗಿತು. ಕೈ ಚಾಚಿ ಎಂದಳು, "ಕೊಡಿಲ್ಲಿ ಪ್ಯಾಕು. ನೀನು ಹಾಕಿದ್ದು ಸಾಕು, ಇನ್ನು ನನ್ ಸರದಿ."

ತವರಿನಲ್ಲಿ ಹಾಗೆಯೇ. ಸೋತವರ ದುಡ್ಡು ಎಲೆ ಹಾಕುವವರಿಗೆ, ಆ ಸರದಿ ಕೈಯಿಂದ ಕೈಗೆ ಹೋಗುತ್ತದೆ. ಒಂದು ಸುತ್ತಿನಲ್ಲಿ ಕಳೆದದ್ದನ್ನು ಚಿಕ್ಕಪ್ಪ ತನ್ನ ಸರದಿ ಬಂದಾಗ ದೋಚಿಕೊಳ್ಳುತ್ತಾನೆ. ಚಿಲ್ಲರೆಯೆಲ್ಲ ಸುತ್ತಿ ಸುತ್ತಿ ಮನೆಯೊಳಗೇ ಉಳಿಯುತ್ತದೆ.

ಅರ್ಪಿತಾ ಪ್ಯಾಕನ್ನು ಎದೆಗೊತ್ತಿಕೊಂಡಳು. "ಕೊಡಲ್ಲ."

"ಯಾಕೆ?"

"ಆ ಸೀರೆ ಹುಡುಗಿ ನಿಂಗೆ ಯಾವತ್ತಾದ್ರೂ ಸರದಿ ಕೊಟ್ಟಿದ್ದಾಳಾ?"

ರಜನಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಹೆಸರು ಅದೇ, ಎಲೆ ಅದೇ. ತಾನು ಆಡುತ್ತಿದ್ದುದು ಮಾತ್ರ ತವರಿನ ಆಟವಾಗಿರಲಿಲ್ಲ. ಅವಳಿಗೆ ಅಳು ಉಕ್ಕಿ ಬಂತು. "ಆ ಚಾಪೆ ಮೇಲೆ ಕೂತ ಹಂಗೇ ಆಗ್ತಿತ್ತು ಕಣೇ" ಎಂದಳು.

ಸಂಜೆ ಜಯರಾಮನಿಗೆ ಎಲ್ಲವನ್ನೂ ಹೇಳಿದಳು. ಅವನ ಮುಖ ಕಪ್ಪಿಟ್ಟಿತು. ಆಮೇಲೆ ಮೆಲ್ಲಗೆ ಕೇಳಿದ, "ಇನ್ನೊಂದು ಇನ್ನೂರು ಹಾಕಿದ್ರೆ ಹೋಗಿದ್ದು ವಾಪಸ್ ಬರಲ್ವಾ?"

"ರೀ, ಕೂತ್ಕೊಳಿ ಇಲ್ಲಿ" ಎಂದು ರಜನಿ ಇಸ್ಪೀಟು ತಂದಳು. ಈ ಸಲ ಕಡಲೆಬೀಜ ತಿಂದವಳು ಅವಳು. ಅರ್ಧ ಬಟ್ಟಲು ಖಾಲಿಯಾಗುವಷ್ಟರಲ್ಲಿ ಜಯರಾಮನೇ ಎದ್ದು ಅವಳ ಫೋನು ತಂದುಕೊಟ್ಟ. ಇಬ್ಬರೂ ಸೇರಿ, ಮತ್ತೆ ತೆರೆಯದಂತೆ ಆ ಆಟದ ಖಾತೆ ಮುಚ್ಚಿಸಿದರು. ಬ್ಯಾಂಕಿನ ಆಪ್‌ನಲ್ಲಿ ಜೂಜಿಗೆ ದುಡ್ಡು ಹೋಗದ ಹಾಗೆ ತಡೆ ಹಾಕಿದರು.

ಉಳಿದದ್ದು ಒಂದೇ, ಅತಿ ಕಷ್ಟದ ಕೆಲಸ. ಶನಿವಾರ ರಜನಿ ಅಕ್ಕನಿಗೆ ಫೋನ್ ಮಾಡಿದಳು.

"ಅಕ್ಕಾ, ಈ ಯುಗಾದಿಗೆ ಬರಕ್ಕಾಗಲ್ಲ." ಏಕೆಂಬುದನ್ನೂ ಮುಚ್ಚಿಡದೆ ಹೇಳಿದಳು.

ರತ್ನಕ್ಕ ಪೂರ್ತಿ ಕೇಳಿಸಿಕೊಂಡಳು. "ಆ ಆಟದ ಮೇಲೆ ಅಷ್ಟೊಂದು ಆಸೆನಾ ನಿಂಗೆ?"

"ಆಟದ ಮೇಲಲ್ಲ ಅಕ್ಕಾ. ನಿಮ್ಮ ಜೊತೆ ಕೂರ್ಬೇಕು ಅಂತ."

"ನಾವ್ ಇಲ್ಲೇ ಇದ್ವಲ್ಲವ್ವ. ಒಂದ್ ಫೋನ್ ಮಾಡ್ಬಾರ್ದಾಗಿತ್ತಾ?"



ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕ್ಯಾಸಿನೊದಲ್ಲಿ ಒಂದೊಂದು ಸಲ ನೀವೂ ಗೆಲ್ಲಬಹುದು. ಆಡುತ್ತಲೇ ಹೋದರೆ ಲೆಕ್ಕ ಅವರದೇ, ನೀವು ಎಷ್ಟೇ ಪಳಗಿದ ಕೈಯಾದರೂ ಅಷ್ಟೇ. ಕಳೆದದ್ದನ್ನು ಆಡಿ ಗಳಿಸಲು ಹೋಗಬೇಡಿ. ಬಿಡಲು ಆಗುತ್ತಿಲ್ಲವೆಂದರೆ ಮನೆಯವರಿಗೆ ಹೇಳಿ, ನಿಮ್ಮ ಜಿಪಿ ಡಾಕ್ಟರಿಗೆ ಹೇಳಿ. ಅದರಲ್ಲಿ ನಾಚಿಕೆಯೇನೂ ಇಲ್ಲ. ಊರು ನೆನಪಾಗಿ ಕೈ ಫೋನಿನ ಕಡೆ ಹೋಯಿತೇ? ಹೋಗಲಿ. ನಿಮ್ಮವರ ನಂಬರ್ ಒತ್ತಿ.