ಏಟಿಗೆ ಮುಗಿಯುವ ಮಾತು

ನಮ್ಮ ಅತ್ತೆ ತೀರಿಕೊಂಡು ಒಂದು ತಿಂಗಳಾದ ಮೇಲೆ, ಅಂಗಡಿಗೆ ರಜೆ ಹಾಕಿ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಊಟ ಮಾಡಿದೆವು. ನಮ್ಮದು ಹಾಸಿಗೆ ಅಂಗಡಿ. ರಸ್ತೆಗೆ ಅಂಗಡಿ, ಅದರ ಹಿಂದೆ ಹತ್ತಿ ಬಡಿಯುವ ಕೋಣೆ, ಮೇಲೆ ಮನೆ. ಮೇಲೆ ಅಷ್ಟು ಜನಕ್ಕೆ ಜಾಗ ಸಾಲದೆಂದು ಬಡಿಯುವ ಕೋಣೆಯನ್ನೇ ಗುಡಿಸಿ, ಗೋಡೆಯುದ್ದಕ್ಕೂ ಹೊಸ ಗಾದಿ ಹಾಸಿದ್ದೆ. ಎಷ್ಟು ಗುಡಿಸಿದರೂ ಹತ್ತಿಯ ಎಳೆ ಗಾಳಿಯಲ್ಲಿ ತೇಲಾಡಿ ತಟ್ಟೆಗೆ ಬೀಳುತ್ತಿತ್ತು. ಈ ಮನೆ ಸೇರಿದವರು ಯಾರೂ ಹತ್ತಿ ತಿನ್ನದೆ ಇದ್ದಿಲ್ಲ. ನನ್ನ ಸೊಸೆಯೊಬ್ಬಳನ್ನು ಬಿಟ್ಟರೆ, ಅತ್ತೆಯ ಏಟು ತಿನ್ನದೆಯೂ ಇದ್ದಿಲ್ಲ.

ಹಳೇ ಹಾಸಿಗೆಯ ಹತ್ತಿ ಗಂಟುಗಂಟಾಗಿರುತ್ತದೆ. ಅದನ್ನು ನೆಲಕ್ಕೆ ಸುರಿದು ಎರಡು ಕೈಯಲ್ಲಿ ಎರಡು ಬೆತ್ತ ಹಿಡಿದು ಬಡಿಯಬೇಕು. ಬಡಿದಷ್ಟೂ ಅರಳುತ್ತದೆ. ಅತ್ತೆ ಬಡಿಯಲು ನಿಂತರೆ ಬೆತ್ತ ಕಣ್ಣಿಗೆ ಕಾಣುತ್ತಿರಲಿಲ್ಲ, ಸುಯ್ ಎನ್ನುವ ಸದ್ದು ಮಾತ್ರ. ಮನುಷ್ಯರನ್ನೂ ಅವರು ಹತ್ತಿಯ ಹಾಗೆಯೇ ಕಂಡರು. ಗಂಟು ಕಂಡ ಕಡೆ ಬಡಿದರು.

ಅವರದ್ದೊಂದು ಕಾನೂನಿತ್ತು: ಏಟು ಬಿದ್ದ ಮೇಲೆ ಮಾತು ಮುಗಿಯಿತು. ತಪ್ಪು ಎಷ್ಟೇ ದೊಡ್ಡದಿರಲಿ, ಬೆತ್ತ ಬಿದ್ದರೆ ಅಲ್ಲಿಗೆ ತೀರಿತು. ಹೊಡೆದ ಕೈಯಲ್ಲೇ ಗಾಯ ತೊಳೆದು, ಮುಲಾಮು ಹಚ್ಚಿ, ತಮ್ಮ ತಟ್ಟೆಯಿಂದ ತುತ್ತು ಕೊಡುತ್ತಿದ್ದರು. ಮರುದಿನ ಆ ವಿಷಯ ಎತ್ತಿದವರಿಗೆ ಇನ್ನೆರಡು ಬೀಳುತ್ತಿತ್ತು. ಬೇರೆ ಮನೆಗಳಲ್ಲಿ ಒಂದು ಮಾತನ್ನು ವರ್ಷಗಟ್ಟಲೆ ಜಗಿಯುತ್ತಿರುವುದನ್ನು ನೋಡಿದ್ದ ನನಗೆ, ಇದು ಎಷ್ಟು ಒಳ್ಳೆಯ ಪದ್ಧತಿ ಅನಿಸುತ್ತಿತ್ತು. ನಮ್ಮ ಮನೆಯಲ್ಲಿ ಮುನಿಸು ರಾತ್ರಿಯವರೆಗೆ ಉಳಿಯುತ್ತಿರಲಿಲ್ಲ.

ಅತ್ತೆಯನ್ನು ನಾನು ಪ್ರೀತಿಸಿದ್ದು ನಾಟಕವಲ್ಲ. ಮೊದಲೆರಡು ಬಸಿರು ನಿಲ್ಲದೆ ಹೋದಾಗ ಗಂಡನ ಕಡೆಯ ಹೆಂಗಸೊಬ್ಬಳು ಮನೆಗೆ ಬಂದು, 'ಇವಳನ್ನು ಕಳಿಸಿ ಬೇರೆ ತನ್ನಿ' ಅಂದಿದ್ದಳು. ಅತ್ತೆ ಅವಳ ಜಡೆಯನ್ನು ಕೈಗೆ ಸುತ್ತಿಕೊಂಡು ಮೆಟ್ಟಿಲ ತನಕ ಎಳೆದುಕೊಂಡು ಹೋಗಿ ತಳ್ಳಿದರು. ಕೆಳಗೆ ಬಿದ್ದು ತುಟಿ ಒಡೆದುಕೊಂಡವಳಿಗೆ ಮೇಲಿಂದಲೇ, "ಮೆಟ್ಟಿಲು ಇರೋದು ಇಳಿಯೋಕೂ ಅನ್ನೋದು ನೆನಪಿಟ್ಕೋ" ಅಂದರು. ಆಮೇಲೆ ಒಳಗೆ ಬಂದು ನನ್ನ ಕಾಲ ಬುಡದಲ್ಲಿ ಮಲಗಿದರು. ಹೀಗೆ ನನ್ನ ಪರವಾಗಿ ಕೈ ಎತ್ತಿದವರು ನನ್ನ ತವರಲ್ಲೂ ಇರಲಿಲ್ಲ.

ಊಟ ಮುಗಿಯುತ್ತಿದ್ದಂತೆ ಕಥೆ ಶುರುವಾಯಿತು. ಶುರು ಮಾಡಿದವನು ನನ್ನ ಮೈದುನ. ಅವನನ್ನು ಬೀದಿಯವರೆಲ್ಲ ರೇಡಿಯೊ ಎನ್ನುತ್ತಾರೆ. ಕಿವಿ ಹಿಂಡಿದರೂ ನಿಲ್ಲುವುದಿಲ್ಲ.

"ಅಪ್ಪ ಸತ್ತ ವರ್ಷ," ಎಂದ ರೇಡಿಯೊ, "ಅಂಗಡಿ ಖಾಲಿ ಮಾಡಿಸ್ತೀವಿ ಅಂತ ಮೂವರು ಬಂದ್ರು. ಒಬ್ಬ ಗಲ್ಲಾಪೆಟ್ಟಿಗೆ ಮೇಲೆ ಕೈ ಇಟ್ಟ. ಅಮ್ಮ ಗಾದಿ ಹೊಲಿತಾ ಕೂತಿದ್ಲು. ಏಳ್ಲೇ ಇಲ್ಲ. ದಬ್ಬಣ ತಗೊಂಡು ಅವನ ಅಂಗೈಯನ್ನ ಪೆಟ್ಟಿಗೆಗೆ ಸೇರಿಸಿ ಚುಚ್ಚಿಬಿಟ್ಲು. ಅವನು ಪೆಟ್ಟಿಗೆ ಸಮೇತ ಕುಣೀತಿದಾನೆ. ಉಳಿದ ಇಬ್ರು ಓಡಿಹೋದ್ರು."

"ದಬ್ಬಣ ಕಿತ್ತು, ಕೈಗೆ ಪಟ್ಟಿ ಕಟ್ಟಿ ಕಳಿಸಿದ್ಲು," ಎಂದಳು ನನ್ನ ನಾದಿನಿ. "ಅದೇ ದಬ್ಬಣದಲ್ಲಿ ಉಳಿದ ಗಾದಿ ಹೊಲಿದ್ಲು."

"ತೊಳೆದ್ಲಾ?" ಎಂದ ರೇಡಿಯೊ.

"ಒರೆಸಿದ್ಲು."

ಎಲ್ಲರೂ ನಕ್ಕೆವು. ನಾದಿನಿ ತನ್ನ ಸೊಟ್ಟ ಮಣಿಕಟ್ಟು ತೋರಿಸಿದಳು. ಚಿಕ್ಕಂದಿನಲ್ಲಿ ಬೀದಿಯಲ್ಲಿ ಹುಡುಗನೊಬ್ಬನ ಸೈಕಲ್ ಹತ್ತಿದ್ದಕ್ಕೆ ಬಿದ್ದ ಏಟಿನ ಗುರುತು. ರೇಡಿಯೊ ಹುಬ್ಬಿನ ಮೇಲಿನ ಗಾಯ ತೋರಿಸಿದ. ನನ್ನ ಸರದಿ ಬಂದಾಗ ನಾನು ಹೇಳಬೇಕಾಗಿರಲಿಲ್ಲ, ಅವನೇ ಹೇಳಿದ. ಗಿರಾಕಿಯ ಹಾಸಿಗೆಯೊಳಗೆ ನಾನು ಸೂಜಿ ಮರೆತಿದ್ದೆ. ಅದು ಮಗು ಮಲಗುವ ಹಾಸಿಗೆ. ಅತ್ತೆ ಕೊಟ್ಟ ಒಂದೇ ಕಪಾಳದೇಟಿಗೆ ನನ್ನ ಎಡಗಿವಿ ಗುಂಯ್ ಎಂದು, ಆಮೇಲೆ ಮುಚ್ಚಿಯೇ ಹೋಯಿತು.

"ಅತ್ತಿಗೇನ ಬೈಬೇಕಾದ್ರೆ ಎಡಗಡೆ ಕೂತ್ಕೊಳ್ಳಿ," ಎಂದ ರೇಡಿಯೊ. "ನಮ್ಮಣ್ಣ ಬದುಕಿ ಉಳಿದಿರೋದೇ ಹಾಗೆ."

ನಮ್ಮ ಯಜಮಾನರು ತಲೆ ತಗ್ಗಿಸಿ ನಕ್ಕರು. ಅವರು ಜೀವಮಾನವಿಡೀ ಗಾದಿಯ ಅಂಚು ಹೊಲಿದವರು. ಮನೆಯಲ್ಲಿ ಏನೇ ಆಗಲಿ, ಅವರ ಕಣ್ಣು ಹೊಲಿಗೆಯ ಮೇಲೆ.

ನನ್ನ ಮಗ ಅಂಗಿ ಜಾರಿಸಿ ಬೆನ್ನು ತೋರಿಸಿದ. ಅಡ್ಡಡ್ಡ ಎದ್ದಿದ್ದ ಹಳೆಯ ಗೆರೆಗಳು. ಅವನು ಅಜ್ಜಿಯ ಮುದ್ದಿನ ಮೊಮ್ಮಗ, ಹಾಗಾಗಿ ಅವನಿಗೇ ಹೆಚ್ಚು ಬಿದ್ದದ್ದು. "ಇಷ್ಟು ಯಾರಿಗೂ ಇಲ್ಲ," ಎಂದ, ಬಹುಮಾನ ತೋರಿಸುವವನ ಹಾಗೆ.

ಅವನ ಹೆಂಡತಿ ಬಾಗಿಲ ಹತ್ತಿರ ಕೂತಿದ್ದಳು. ಮದುವೆಯಾಗಿ ಬಂದು ಎರಡು ವರ್ಷ. ಹೊಲಿಗೆಯಲ್ಲಿ ನನಗಿಂತ ಕೈ ಚುರುಕು. ಅವಳ ಕಣ್ಣಿನ ಕೆಳಗೆ ಪೌಡರ್ ದಪ್ಪಗಿತ್ತು. ಅದರಡಿಯ ನೀಲಿಯನ್ನು ಹಿಂದಿನ ದಿನವೇ ನಾನು ನೋಡಿದ್ದೆ. ಅವಳೇ ತೊಳೆದು ತೋರಿಸಿದ್ದಳು. "ಊಟ ಮುಗಿದ ಮೇಲೆ ಅಣ್ಣನ ಮನೆಗೆ ಹೋಗ್ತೀನಿ ಅತ್ತೆ," ಅಂದಿದ್ದಳು. "ಇಲ್ಲೇ ಇದ್ರೆ ನಾನು ಉಳಿಯಲ್ಲ." ಅವಳ ಅಣ್ಣನನ್ನು ನಾನು ಬಲ್ಲೆ. ಒಂದು ಕೋಣೆಯ ಮನೆ, ಮಕ್ಕಳು ಒಬ್ಬರ ಮೇಲೊಬ್ಬರು. ವಾರದೊಳಗೆ ಅವನೇ ಕೈ ಹಿಡಿದು ತಂದು ನಮ್ಮ ಬಾಗಿಲಲ್ಲಿ ಬಿಟ್ಟು ಹೋಗುತ್ತಾನೆ. ಹಾಗೆ ವಾಪಸ್ಸು ಬಂದವಳ ಗತಿ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ಅದಕ್ಕೇ, ದುಡುಕಬೇಡ, ನಾನಿದ್ದೇನೆ ಅಂದಿದ್ದೆ. ಇದ್ದು ಏನು ಮಾಡುತ್ತೇನೆ ಎಂದು ನನಗೂ ಗೊತ್ತಿರಲಿಲ್ಲ.

ರೇಡಿಯೊ ಅವಳ ಕಡೆ ತಿರುಗಿದ. "ಪಾಪ, ಈ ಹುಡುಗಿಗೆ ಮಾತ್ರ ಹೇಳೋಕೆ ಕಥೆ ಇಲ್ಲ. ಇವಳು ಬರೋ ಹೊತ್ತಿಗೆ ಅಮ್ಮನ ಕೈ ಸೋತುಹೋಗಿತ್ತು."

"ಇದೆ ಚಿಕ್ಕಮಾವ," ಎಂದಳು ಸೊಸೆ. ದನಿ ಏರಿಸಲಿಲ್ಲ. "ಅಜ್ಜಿ ಕೈ ಸೋತರೇನು, ಅವರ ಮೊಮ್ಮಗನ ಕೈ ಸೋತಿಲ್ಲ. ನನಗೆ ದಿನಾ ಸಿಗುತ್ತೆ. ಬೇಕಾದ್ರೆ ನಾನೂ ತೋರಿಸ್ತೀನಿ."

ಪೌಡರನ್ನು ಸೆರಗಿನಿಂದ ಒರೆಸಿದಳು.

ಯಾರೂ ನಗಲಿಲ್ಲ. ಮಗ ಒಬ್ಬನೇ ನಕ್ಕ. ನಗುತ್ತಲೇ ಎದ್ದ. ಮೂಲೆಯಲ್ಲಿದ್ದ ಬೆತ್ತ ತೆಗೆದುಕೊಂಡಾಗಲೂ, ಏನೋ ತಮಾಷೆಗೆ ಇರಬೇಕು ಅಂದುಕೊಂಡೆವು. ಮೊದಲನೇ ಏಟು ಅವಳ ಕುತ್ತಿಗೆಗೂ ಕಿವಿಗೂ ಸೇರಿ ಬಿತ್ತು. ಅವಳು ಕೈ ಅಡ್ಡ ತಂದಳು. ಎರಡನೆಯದು ಆ ಕೈಯ ಮೇಲೆ. ಹತ್ತಿಯ ಮೇಲೆ ಬೆತ್ತ ಬಿದ್ದರೆ ಮೆತ್ತಗೆ ಧಬ್ ಎನ್ನುತ್ತದೆ. ಮೂಳೆಯ ಮೇಲೆ ಬಿದ್ದರೆ ಚಟ್ ಎನ್ನುತ್ತದೆ. ಆ ಸದ್ದು ಕೇಳಲು ಒಂದು ಕಿವಿ ಸಾಕು. ಅವಳ ತೋರುಬೆರಳು ಹಿಂದಕ್ಕೆ ಹೊರಳಿ ನಿಂತಿತು. ಕೂಗಲಿಲ್ಲ, ಗಾದಿಯ ಮೇಲೆ ಒರಗಿ ಬಾಯಿ ತೆರೆದು ಉಸಿರೆಳೆದಳು. ಬಿಳಿ ಬಟ್ಟೆಗೆ ಕಿವಿಯ ರಕ್ತ ಹತ್ತಿತು. ಮೂರನೆಯದಕ್ಕೆ ಅವನು ಕೈ ಎತ್ತಿದಾಗ ನಾನು ನಡುವೆ ಹೋಗಿದ್ದೆ. ಅದು ನನ್ನ ಭುಜದ ಮೇಲೆ ಬಿತ್ತು. ಅವನು ಆಗ ನಿಂತ.

"ಅಮ್ಮನ ಕೈ ಇವನಿಗೆ ಹಾಗೇ ಇಳಿದು ಬಂದಿದೆ," ಎಂದ ರೇಡಿಯೊ. ನಗಲು ಹೋದ, ಆಗಲಿಲ್ಲ.

ನಾದಿನಿ ಬಟ್ಟೆ ಹರಿದು ಸೊಸೆಯ ಬೆರಳಿಗೆ ಸುತ್ತತೊಡಗಿದಳು. "ಅತ್ತಿಗೆ, ಸುಮ್ನೆ ನಿಂತ್ರೆ ಹೇಗೆ? ಈಗ ಮನೆಗೆ ದೊಡ್ಡವರು ನೀವು. ಅಮ್ಮ ಇದ್ದಿದ್ರೆ ಇಷ್ಟು ಹೊತ್ತಿಗೆ ಇವನ ಚರ್ಮ ಸುಲೀತಿದ್ಲು. ನಾಲ್ಕು ಬಿಡಿ ಇವನಿಗೆ."

"ಹೌದು ಅತ್ತಿಗೆ," ಎಂದ ರೇಡಿಯೊ. "ಬಿಡಿ. ಇಲ್ಲಿಗೆ ಮುಗೀಲಿ."

ಯಾರೂ ಹೇಳದೆಯೇ ಮಗ ಅಂಗಿ ಪೂರ್ತಿ ಕಳಚಿದ. ಬೆತ್ತವನ್ನು ನನ್ನ ಕೈಗಿಟ್ಟು, ಮಂಡಿಯೂರಿ ಬೆನ್ನು ಕೊಟ್ಟು ಕೂತ.

"ತಪ್ಪಾಯ್ತು ಅಮ್ಮ. ಹೊಡಿ."

ನಾನು ಬೆತ್ತ ಎತ್ತಿದೆ. ಹೊಡೆಯಬೇಕೆಂದೇ ಎತ್ತಿದ್ದು. ಮೂವತ್ತು ವರ್ಷ ಹತ್ತಿ ಬಡಿದ ಕೈ ಇದು. ಎಲ್ಲಿ ಬಿದ್ದರೆ ಚರ್ಮ ಸೀಳುತ್ತದೆ ಎಂದು ಗೊತ್ತು. ಅವನ ಹೆಗಲು ನೋಡಿದೆ. ಏಟಿಗೆ ಕಾಯುವವನ ಹೆಗಲು ಬಿಗಿಯುತ್ತದೆ. ಇವನದು ಸಡಿಲವಾಗಿತ್ತು, ಕ್ಷೌರಕ್ಕೆ ಕೂತವನ ಹಾಗೆ. ನಾಲ್ಕು ಏಟು, ಒಂದಿಷ್ಟು ಮುಲಾಮು, ನನ್ನ ತಟ್ಟೆಯಿಂದ ಒಂದು ತುತ್ತು. ಸಂಜೆಗೆ ಅಂಗಡಿ ತೆರೆಯಬಹುದು. ಅವನು ಆಗಲೇ ಸಂಜೆಯಲ್ಲಿದ್ದ.

ಸೊಸೆಯ ಕಡೆ ನೋಡಿದೆ. ಅವಳು ನೋಡುತ್ತಿದ್ದದ್ದು ಅವನನ್ನಲ್ಲ, ನನ್ನ ಕೈಯನ್ನು. ಕಾಲಿನಿಂದ ಚಪ್ಪಲಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದಳು. ಈ ಬೆತ್ತ ಇಳಿದ ಮೇಲೆ ಅವಳ ಬೆರಳಿನ ಮಾತು ಈ ಮನೆಯಲ್ಲಿ ಯಾರೂ ಎತ್ತುವ ಹಾಗಿಲ್ಲ, ಅವಳೂ ಸೇರಿ. ಅದು ಅವಳಿಗೆ ನನಗಿಂತ ಮೊದಲೇ ಗೊತ್ತಾಗಿತ್ತು.

ಬೆತ್ತ ಕೆಳಗಿಟ್ಟೆ.

"ಹೊಡೆಯಲ್ಲ," ಎಂದೆ.

ಅವನು ತಿರುಗಿ ನೋಡಿದ. "ಯಾಕೆ?"

"ಹೊಡೆದ್ರೆ ಮುಗಿದುಹೋಗುತ್ತೆ. ಇದು ಮುಗಿಯೋದು ನನಗೆ ಬೇಡ."

"ಅಮ್ಮ, ತಪ್ಪಾಯ್ತು ಅಂದ್ನಲ್ಲ. ಹೊಡಿ."

"ಇಲ್ಲ."

"ಹೊಡಿ ಅಂದ್ರೆ."

ನನ್ನ ಮಗ ಹೆದರಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಅಜ್ಜಿಯ ಬೆತ್ತಕ್ಕೆ ಹೆದರದವನು ಬರಿಗೈಗೆ ಹೆದರಿದ. ಎದ್ದು ಬಂದು ನನ್ನ ಮುಂಗೈ ಹಿಡಿದು, ನನ್ನ ಅಂಗೈಯಿಂದಲೇ ತನ್ನ ಕೆನ್ನೆಗೆ ಹೊಡೆದುಕೊಂಡ. ಒಂದಾದ ಮೇಲೊಂದು. ನನ್ನ ಉಂಗುರ ತಾಗಿ ಅವನ ತುಟಿ ಸೀಳಿತು. ನಾನು ಕೈಯನ್ನು ಸತ್ತ ಕೋಳಿಯ ಹಾಗೆ ಜೋತುಬಿಟ್ಟಿದ್ದೆ. ಕೈ ನನ್ನದಾದರೂ ಏಟು ನನ್ನದಲ್ಲ ಎಂದು ಅವನಿಗೂ ತಿಳಿಯಿತು. ಆಗ ಕೈ ಬಿಟ್ಟು, ತಲೆಯನ್ನು ಗೋಡೆಗೆ ಚಚ್ಚಿಕೊಂಡ. ಹತ್ತಿಯ ಮೂಟೆ ಸೀಳಿ ಚೆಲ್ಲಿದ. ತೂಕದ ಕಲ್ಲು ಎತ್ತಿ ಅಂಗಡಿಯ ಗಾಜಿನ ಬೀರುವಿಗೆ ಬೀಸಿದ. ಇಡೀ ಬೀರು ಕುಸಿಯಿತು. ಕೋಣೆಯ ತುಂಬ ಹತ್ತಿ ಹಾರಾಡುತ್ತಿತ್ತು, ಅದರ ನಡುವೆ ಅವನ ಮುಖದ ರಕ್ತ ಒಂದೇ ಬಣ್ಣ. "ಇವಳಿಂದಲೇ," ಎಂದು ಅವನು ಸೊಸೆಯ ಕಡೆ ನುಗ್ಗಿದ.

ಹಿಂದಿನಿಂದ ಅವನ ನಡು ಹಿಡಿದವರು ನಮ್ಮ ಯಜಮಾನರು. ಅವರು ಎದ್ದದ್ದನ್ನೇ ನಾನು ನೋಡಿರಲಿಲ್ಲ. ಮಗನ ಮೊಣಕೈ ಅವರ ಬಾಯಿಗೆ ಬಡಿಯಿತು, ಮುಂದಿನ ಹಲ್ಲು ಹೋಯಿತು. ಬಿಡಲಿಲ್ಲ. ಗಾದಿ ಮಡಿಸುವಾಗ ಮಂಡಿ ಊರಿ ಒತ್ತುತ್ತಾರಲ್ಲ, ಹಾಗೆ ಮಗನನ್ನು ನೆಲಕ್ಕೆ ಒತ್ತಿ ಹಿಡಿದು, ರಕ್ತ ಉಗುಳಿ, "ಏಯ್ ರೇಡಿಯೊ, ಕಾಲು ಹಿಡ್ಕೊಳ್ಳೋ," ಎಂದರು. ಇಬ್ಬರೂ ಸೇರಿ ಗಾಜಿನ ಚೂರುಗಳ ಮೇಲೆ ಅವನನ್ನು ಎಳೆದು ರಸ್ತೆಗೆ ಹಾಕಿ ಶಟರ್ ಎಳೆದರು. ಅವನು ಹೊರಗಿನಿಂದ ಒದೆಯತೊಡಗಿದ. ತಗಡು ಒಳಕ್ಕೆ ಉಬ್ಬಿ ಉಬ್ಬಿ ಬರುತ್ತಿತ್ತು. ಯಜಮಾನರು ಅದಕ್ಕೆ ಬೆನ್ನು ಕೊಟ್ಟು ಕೂತರು.

"ಎರಡೇಟು ಹಾಕಿದ್ರೆ ಆಗಿಹೋಗ್ತಿತ್ತು," ಎಂದಳು ನಾದಿನಿ. ಅಳುತ್ತಿದ್ದಳು. "ಅಮ್ಮ ಕಟ್ಟಿದ ಮನೇನ ಇವತ್ತು ಒಡೆದ್ರಿ ಅತ್ತಿಗೆ."

"ನಿಮ್ಮಮ್ಮನ ಹಾಗೆ ಹೊಡೆಯೋಕೆ ನನಗೂ ಬರುತ್ತೆ," ಎಂದೆ. "ಈಗ ಅಳ್ತಾ ಕೂತ್ಕೋಬೇಡ. ಅವಳ ಆ ಕಡೆ ತೋಳು ಹಿಡ್ಕೋ, ಆಸ್ಪತ್ರೆಗೆ ಹೋಗ್ಬೇಕು."

ಹಿಂದಿನ ಬಾಗಿಲಿಂದ ಹೊರಟೆವು. ಆಸ್ಪತ್ರೆಯ ವೈದ್ಯೆ ಬೆರಳು ನೋಡಿ, ಕುತ್ತಿಗೆ ನೋಡಿ, ಹೇಗಾಯಿತು ಅಂದಳು. ಬಿದ್ದೆ ಎನ್ನಲು ಸೊಸೆ ಬಾಯಿ ತೆರೆದಳು. "ನನ್ನ ಮಗ ಬೆತ್ತದಲ್ಲಿ ಹೊಡೆದ," ಎಂದೆ. "ಪೊಲೀಸರಿಗೆ ಹೇಳ್ಬೇಕಾದ್ರೆ ಹೇಳಿ. ನಾನೇ ನೋಡಿದ್ದೀನಿ." ಪೊಲೀಸರು ಬಂದರು, ಮಗನನ್ನು ಕರೆದುಕೊಂಡು ಹೋದರು, ಕೆಲವು ದಿನಗಳ ಮೇಲೆ ಬಿಟ್ಟರು. ಈಗ ಊರ ಆಚೆ ಲಾರಿ ಶೆಡ್ಡಿನಲ್ಲಿ ಮಲಗುತ್ತಾನಂತೆ.

ಅತ್ತೆಯನ್ನು ನಾನು ಇವತ್ತಿಗೂ ಬಿಟ್ಟುಕೊಡುವುದಿಲ್ಲ. ಅವರ ಬಗ್ಗೆ ಯಾರಾದರೂ ಹಗುರಾಗಿ ಮಾತಾಡಿದರೆ ನನ್ನ ಮೈ ಉರಿಯುತ್ತದೆ. ಗಂಡ ಸತ್ತ ಮನೆಯಲ್ಲಿ ಮೂರು ಮಕ್ಕಳನ್ನು ಇಟ್ಟುಕೊಂಡು, ಸುತ್ತ ಹಲ್ಲು ಮಸೆಯುವವರ ನಡುವೆ ನಿಂತವರಿಗೆ ಬೆತ್ತ ಬಿಟ್ಟು ಬೇರೇನೂ ಇರಲಿಲ್ಲ. ಅವರ ಸಿಟ್ಟು ಅವರ ಜೊತೆಗೇ ಮಣ್ಣಾಯಿತು ಅಂದುಕೊಂಡದ್ದು ನಮ್ಮ ತಪ್ಪು.

ಸಂಜೆ ಕೆಲವೊಮ್ಮೆ ಮಗ ರಸ್ತೆಯ ಎದುರು ಬದಿಗೆ ಬಂದು ನಿಲ್ಲುತ್ತಾನೆ. ಸೊರಗಿದ್ದಾನೆ. ಒಮ್ಮೆ ರಸ್ತೆ ದಾಟಿ ಮೆಟ್ಟಿಲ ತನಕ ಬಂದ.

"ಅಮ್ಮ, ಎಷ್ಟು ಬೇಕಾದ್ರೂ ಹೊಡಿ. ಒಳಗೆ ಕರ್ಕೋ."

"ಊಟ ಆಯ್ತೇನೋ?" ಎಂದೆ. ಇಲ್ಲವೆಂದ. ಬುತ್ತಿ ಕಟ್ಟಿ ಮೆಟ್ಟಿಲ ಮೇಲಿಟ್ಟೆ. ಎತ್ತಿಕೊಂಡು ಹೋದ. ಅವನು ಹೋಗುವ ತನಕ, ಬಾಗಿಲಿಗೆ ಅಡ್ಡವಾಗಿ ಇಟ್ಟ ಕಾಲನ್ನು ನಾನು ತೆಗೆಯಲಿಲ್ಲ.

ಒಳಗೆ ಬಂದಾಗ ಸೊಸೆ ಹೊಲಿಗೆ ಯಂತ್ರ ನಿಲ್ಲಿಸಿದ್ದಳು. ಬೆರಳಿನ ಮೂಳೆ ಕೂಡಿಕೊಂಡಿದೆ, ಆದರೆ ಬೆರಳು ಮಡಚಲು ಬರುವುದಿಲ್ಲ. ನಡುಬೆರಳಲ್ಲಿ ಬಟ್ಟೆ ತಳ್ಳುವುದನ್ನು ಕಲಿಯುತ್ತಿದ್ದಾಳೆ.

"ಅವರು ಅತ್ತರೆ ಕರ್ಕೊಂಡುಬಿಡ್ತೀರಾ ಅತ್ತೆ?"

"ಕರ್ಕೋಬೇಕು ಅನ್ಸುತ್ತೆ," ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಕರ್ಕೊಳ್ಳಲ್ಲ."

ಅವಳು ಎದ್ದು, "ಆ ಕಡೆ ಹಿಡ್ಕೊಳ್ಳಿ," ಎಂದಳು. ಇಬ್ಬರೂ ಸೇರಿ ಯಂತ್ರವನ್ನು ಎತ್ತಿ ತಿರುಗಿಸಿದೆವು. ಇಷ್ಟು ದಿನ ಗೋಡೆಗೆ ಮುಖ ಮಾಡಿ ಹೊಲಿಯುತ್ತಿದ್ದವಳು ಈಗ ರಸ್ತೆ ಕಾಣುವ ಹಾಗೆ ಕೂತಳು. ಅವನು ಬಂದರೆ ಮೊದಲು ತನಗೇ ಕಾಣಬೇಕಂತೆ.