ಯಾರದೋ ಸೈಕಲ್ಲು

ಹೆಬ್ಬೆರಳು ಹೋದ ಜಾಗದಲ್ಲಿ ಬೆಲ್ಲಿರಲಿಲ್ಲ, ಮುಂದೆ ಹುಲ್ಲಿನ ಗಾಡಿ, ಬಣವೆಯೇ ಎದ್ದು ಹೊರಟಂತೆ ತೂಗಾಡುವ ಹುಲ್ಲು, ಗಾಡಿ ಹೊಡೆಯುವವನು ಕಾಣುವುದೇ ಇಲ್ಲ, ಬೆಲ್ಲು ಬಾರಿಸಿದರೆ ತಾನೇ ಅವನು ಎತ್ತನ್ನು ಪಕ್ಕಕ್ಕೆ ಎಳೆಯುವುದು, ಪುಟ್ಟಮಲ್ಲಪ್ಪನ ಹೆಬ್ಬೆರಳು ಹ್ಯಾಂಡಲ್ಲಿನ ಮೇಲೆ ಕುರುಡನ ಹಾಗೆ ತಡಕಾಡಿತು — ಕೊಳ್ಳೇಗಾಲದಿಂದ ಯಳಂದೂರಿಗೆ ದಿನಾ ಹೋಗುವ ದಾರಿ, ದಿನಾ ಒತ್ತುವ ಬೆಲ್ಲು, ಬಿದ್ದುಹೋಯಿತೇ, ಯಾರಾದರೂ ಬಿಚ್ಚಿಕೊಂಡರೇ, ಹೋದ ತಿಂಗಳು ಪಂಪು ಹೋಯಿತು, ಅದರ ಹಿಂದೆಯೇ ಬೀಗ ಹೋಯಿತು, ಈಗ ಬೆಲ್ಲು — ಅಷ್ಟರಲ್ಲಿ ಹುಲ್ಲು ಮೂಗಿಗೆ ಬಂತು, ಹಿಂದಿನ ಬ್ರೇಕು ಹಿಡಿದರೆ ಹಿಡಿಯಲಿಲ್ಲ, ಮುಂದಿನದು ಮಾತ್ರ ಗಬಕ್ಕನೆ ಕಚ್ಚಿತು, ಕಾಲು ಊರಲು ಹೋದರೆ ನೆಲ ಸಿಗಲಿಲ್ಲ, ಸೀಟು ಯಾಕೆ ಇಷ್ಟೆತ್ತರ, ಕೆರೆ ಏರಿಯ ಮಣ್ಣಿನಲ್ಲಿ ಒಂದು ಪಕ್ಕಕ್ಕೆ ವಾಲಿ, ಪಂಚೆಯ ಅಂಚು ಚೈನಿಗೆ ಸಿಕ್ಕಿ, ಹೇಗೋ ನಿಂತ. ಹುಲ್ಲಿನ ಆಚೆಯಿಂದ ಗಾಡಿಯವನು ಕೂಗಿದ, ಯಾರ್ಲಾ ಅದು, ಬಿದ್ಯಾ. ಇಲ್ಲ ಕಣಯ್ಯ ನೀ ಓಗು, ಅಂದ ಪುಟ್ಟಮಲ್ಲಪ್ಪ, ಅಂದು ಪಂಚೆ ಬಿಡಿಸಿಕೊಳ್ಳಲು ಬಗ್ಗಿದ, ನೀಲಿ ಹಾಕಿ ಬಿಳುಪು ಮಾಡಿದ ಪಂಚೆ, ಅದರ ತುದಿಗೆ ಅಂಗೈಯಗಲ ಕರಿ ಗ್ರೀಸು, ಈ ಪಂಚೆ ಉಟ್ಟುಕೊಂಡು ಹೆಣ್ಣು ನೋಡಲು ಹೋಗುವುದು ಹೇಗೆ, ಸೋದರಮಾವ ಏನೆಂದಾರು — ಅಂದುಕೊಳ್ಳುತ್ತಲೇ ಬೆಲ್ಲು ಕಂಡಿತು. ಬಲಕ್ಕಲ್ಲ, ಹ್ಯಾಂಡಲ್ಲಿನ ನಡುವೆ, ಒಳಮುಖವಾಗಿ ತಿರುಗಿಸಿ ಕೂರಿಸಿದ ಬೆಲ್ಲು. ಅದರ ಕೆಳಗೆ, ಸೀಟಿಗೂ ಹ್ಯಾಂಡಲ್ಲಿಗೂ ನಡುವಿನ ಬಾರಿಗೆ ಪದರ ಪದರವಾಗಿ ಬಿಗಿದು ಸುತ್ತಿದ ಹಳೆಯ ಕೆಂಪು ಟವಲು. ಇದು ತನ್ನ ಸೈಕಲ್ಲಲ್ಲ.

ಹೇಗೆ ಆಯಿತು, ಎಲ್ಲಿ ಆಯಿತು, ಚನ್ನಮಲ್ಲಮ್ಮನ ಎಲೆ ಅಂಗಡಿ ಮುಂದೆ ಆಗಿರಬೇಕು, ಬೇರೆ ಎಲ್ಲೂ ಇಳಿಯಲೇ ಇಲ್ಲವಲ್ಲ, ಮಾವ ಹೇಳಿ ಕಳಿಸಿದ್ದರು, ಬರಿಗೈಲಿ ಬರಬೇಡ ಕಣಪ್ಪ, ಎಲೆ ಅಡಿಕೆ ಬಾಳೆಹಣ್ಣು ತಕಂಡ್ ಬಾ — ಗೋಡೆಗೆ ಒರಗಿಸಿದ ಸೈಕಲ್ಲುಗಳು, ಎಲ್ಲವೂ ಕರಿಯವೇ, ಎಲ್ಲವೂ ಧೂಳು ಮೆತ್ತಿದವೇ, ಚೀಲ ಹ್ಯಾಂಡಲ್ಲಿಗೆ ನೇತು ಹಾಕಿ, ತಲೆಯಲ್ಲಿ ಬೇರೇನೋ ಓಡುತ್ತಿತ್ತು, ಬೀಗವಿಲ್ಲದ ಸೈಕಲ್ಲು ಕೈಗೆ ಸಿಕ್ಕಿತು, ಬೀಗವಿಲ್ಲದ್ದು ತನ್ನದೇ ತಾನೇ, ಹತ್ತಿಬಿಟ್ಟ. ಆದರೆ ಇಷ್ಟು ದೂರ ಗೊತ್ತೇ ಆಗಲಿಲ್ಲವೇ, ಪೋಲೀಸ್ ಠಾಣೆ ದಾಟುವಾಗ ಗೊತ್ತಾಗಲಿಲ್ಲ, ಬಸ್ಸು ಮುಖಕ್ಕೆ ಧೂಳು ಎರಚಿ ಹೋದಾಗ ಗೊತ್ತಾಗಲಿಲ್ಲ, ಕೊಳ್ಳೇಗಾಲ ಮದರಾಸಿಗೆ ಸೇರಿದ್ದ ಕಾಲದ ಮೈಲಿಗಲ್ಲು, ತಮಿಳಿನ ಮೇಲೆ ಸುಣ್ಣ ಬಳಿದು ಕನ್ನಡ ಬರೆದದ್ದು, ಅದರ ಹತ್ತಿರ ದಿನಾ ಅಟ್ಟಿಸಿಕೊಂಡು ಬರುವ ಕಂದು ನಾಯಿ ಇವತ್ತು ಬರಿದೇ ತಲೆ ಎತ್ತಿ ನೋಡಿತಲ್ಲ, ಆಗಲೂ ಗೊತ್ತಾಗಲಿಲ್ಲ, ನಾಯಿಗೆ ಗೊತ್ತಾಗಿತ್ತೋ ಏನೋ. ಯಾರದಿರಬಹುದು. ಎತ್ತರದ ಆಳು, ಅದಂತೂ ಸರಿ, ಸೀಟಿನ ಬಲಮಗ್ಗುಲು ಹೆಚ್ಚು ಸವೆದಿದೆ, ವಾಲಿಕೊಂಡು ತುಳಿಯುವವನು, ಎಡಕ್ಕೆ ಭಾರ ಇದ್ದರೆ ತಾನೇ ಬಲಕ್ಕೆ ವಾಲುವುದು, ಮಡ್‌ಗಾರ್ಡಿಗೆ ಒಣಗಿದ ಕೆಮ್ಮಣ್ಣು, ಕೊಳ್ಳೇಗಾಲದ ಮಣ್ಣಲ್ಲ, ಹನೂರಿನ ಕಡೆಯದು, ಕಾಡಂಚಿನದು. ಪುಟ್ಟಮಲ್ಲಪ್ಪನಿಗೆ ಹೆಣ್ಣಿನ ಮನೆ ಮರೆತುಹೋಯಿತು, ಕ್ಯಾರಿಯರಿನಲ್ಲಿ ಸಿಕ್ಕಿಸಿದ ಬಟ್ಟೆ ಗಂಟು ಮುಟ್ಟಿ ನೋಡಿದ, ಬೆಚ್ಚಗಿದೆ, ಬಿಚ್ಚಬಾರದು ಅಂದುಕೊಂಡ, ಬಿಚ್ಚಿದ. ಎಲೆಯಲ್ಲಿ ಸುತ್ತಿದ ರಾಗಿಮುದ್ದೆ, ಒಂದು ದೊಡ್ಡದು, ಒಂದು ಚಿಕ್ಕದು, ಪಕ್ಕದಲ್ಲಿ ಕರ್ಪೂರದ ವಾಸನೆ ಹೊಡೆಯುವ ಎಣ್ಣೆ ಶೀಷೆ. ಚಿಕ್ಕ ಮುದ್ದೆ. ಒಳಮುಖದ ಬೆಲ್ಲು. ಬಾರಿನ ಮೇಲೆ ಟವಲು. ಮಗು. ಕೂಸನ್ನು ಮುಂದೆ ಕೂರಿಸಿಕೊಂಡು ಓಡಾಡುವ ಅಪ್ಪನ ಸೈಕಲ್ಲು, ನೆಗಡಿಯೋ ಕಫವೋ ಆಗಿ ಎದೆಗೆ ತಿಕ್ಕಲು ಎಣ್ಣೆ, ಬೆಲ್ಲು ನಾನೇ ಹೊಡೀತೀನಿ ಅಂತ ಹಟ ಮಾಡಿದ್ದಕ್ಕೆ ಅದರ ಕೈಗೆ ಎಟುಕುವ ಹಾಗೆ ತಿರುಗಿಸಿ ಕೊಟ್ಟಿದ್ದಾನೆ, ಗಂಡೋ ಹೆಣ್ಣೋ, ಎಷ್ಟು ವಯಸ್ಸೋ, ಟವಲಿನಲ್ಲಿ ಕೂತ ಗುಳಿ ಇದೆ, ಪುಟ್ಟಮಲ್ಲಪ್ಪ ಆ ಗುಳಿಯ ಮೇಲೆ ಕೈಯಿಟ್ಟ, ಬಿಸಿಲಿಗೆ ಅದೂ ಬೆಚ್ಚಗಿತ್ತು.

ತನ್ನ ಬಾರು ಬೋಳು. ಅದನ್ನೇ ಅಲ್ಲವೇ ಅವ್ವ ಹೇಳುತ್ತಾ ಬಂದದ್ದು, ಮಾದೇಶ್ವರನ ಬೆಟ್ಟಕ್ಕೆ ಹೋಗಿ ಬಂದಾಯಿತು, ಮೈಸೂರಿನ ಡಾಕ್ಟರ ಹತ್ತಿರ ಹೋಗಿ ಬಂದಾಯಿತು, ಹೆಂಡತಿ ಶಿವರತ್ನಮ್ಮ ಬೇವಿನ ಕಷಾಯ ಕುಡಿದಾಯಿತು, ಕೊನೆಗೆ ಅವ್ವ ಅವಳ ಎದುರಿಗೇ ಅಂದಳು, ವಂಶ ನಿಲ್ಬೇಕಲ್ಲ ಕಣವ್ವ, ನೀನೂ ಇರು, ಅವಳೂ ಇರ್ತಾಳೆ, ನಾನೇನು ನಿನ್ನ ಆಚೆಗೆ ಕಳಿಸ್ತೀನಾ. ಸೋದರಮಾವ ಶಿವನಂಜಯ್ಯ ಯಳಂದೂರಿನಲ್ಲಿ ಹೆಣ್ಣು ಗೊತ್ತು ಮಾಡಿದರು, ಈಗ ಎರಡನೇ ಮದುವೆ ಆಗಬಾರದು ಅಂತ ಕಾಯಿದೆ ಬಂದದೆಯಂತಲ್ಲ ಮಾವ ಅಂದರೆ, ಕಾಯಿದೆ ಎಲ್ಲ ಪಟ್ಟಣದೋರಿಗೆ ಕಣಪ್ಪ, ನಮಗಲ್ಲ, ಅಂದರು. ಸೊಸೈಟಿಗೆ ರಜ ಇರುವ ದಿನವೇ ಆಗಲಿ ಅಂತ ಇವತ್ತಿಗೆ ಮಾಡಿದರು, ದಿನಾ ಭತ್ತದ ಮೂಟೆ ಲೆಕ್ಕ ಬರೆಯಲು ಹೋಗುವ ಊರಿಗೆ ಇವತ್ತು ಹೆಣ್ಣು ನೋಡಲು. ಬೆಳಿಗ್ಗೆ ಶಿವರತ್ನಮ್ಮ ಪಂಚೆ ಶರ್ಟು ಮಡಿಸಿಟ್ಟಿದ್ದಳು, ಮಂಚದ ಮೇಲೆ, ಒಂದರ ಮೇಲೊಂದು, ಸುಕ್ಕಿಲ್ಲದ ಹಾಗೆ. ಅವಳ ತಲೆಯಲ್ಲಿ ಏನು ಓಡುತ್ತಿರಬಹುದು ಅಂತ ಇವನು — ಛೆ, ಯಾರದೋ ಸೈಕಲ್ಲು ಹಿಡಿದು ನಿಂತು ಏನೇನೋ, ಈಗ ಮಾಡುವುದೇನು, ಯಳಂದೂರಿಗೆ ಹೋಗಿಬಿಡುವುದೇ, ಮಾವ ಕಾಯುತ್ತಿದ್ದಾರೆ, ಸಂಜೆ ತಂದು ಕೊಟ್ಟರೆ ಆಗದೇ. ಆದರೆ ಮುದ್ದೆ ಬೆಚ್ಚಗಿದೆ. ಕೂಸು ಹಸಿದಿರುತ್ತದೆ. ಮತ್ತೆ, ಸುಳ್ಳು ಯಾಕೆ, ಆ ಕೂಸನ್ನು ಒಂದು ಸಲ ನೋಡಬೇಕು ಅನ್ನಿಸಿತು, ಬೆಲ್ಲಿನ ಮೇಲೆ ಅದರ ಬೆರಳು ಹೇಗೆ ಕೂರುತ್ತದೆ ಅಂತ. ಸೈಕಲ್ಲು ತಿರುಗಿಸಿದ.

ತಿರುಗಿಸಿದ ಮೇಲೆ ಗಾಳಿ ಎದುರು. ಬರುವಾಗ ಗಾಳಿ ಇದೆಯೆಂದೇ ಗೊತ್ತಿರಲಿಲ್ಲ, ಈಗ ಎದೆಗೆ ಕೈಯಿಟ್ಟು ತಳ್ಳುತ್ತದೆ, ಎತ್ತರದ ಸೀಟಿನಲ್ಲಿ ಪೆಡಲಿಗೆ ಕಾಲಿನ ತುದಿ ಮಾತ್ರ ಎಟುಕುತ್ತದೆ, ಒಂದೊಂದು ತುಳಿತಕ್ಕೂ ಸೊಂಟ ಅತ್ತಿಂದಿತ್ತ ಜಾರುತ್ತದೆ, ಎರಡು ಸಲ ಚೈನು ಕಳಚಿ ಎರಡು ಸಲ ಬೆರಳು ಕರಿಯಾಯಿತು, ನಾಯಿ ಈ ಸಲ ನಿದ್ದೆ ಮಾಡಿತ್ತು. ಆ ಮನುಷ್ಯ ಕಳ್ಳ ಅಂತ ಕೂಗಾಡುತ್ತಿದ್ದರೆ, ಜನ ಸೇರಿದ್ದರೆ, ಠಾಣೆಗೆ ಹೇಳಿದ್ದರೆ, ಅಲ್ಲಿನ ಪೋಲೀಸಿನವನು ಮೊದಲೇ ಪುಣ್ಯಾತ್ಮ, ಲೈಟಿಲ್ಲದೆ ಬಂದೆ ಅಂತ ಒಂದು ಸಾಯಂಕಾಲ ಎರಡೂ ಚಕ್ರದ ಗಾಳಿ ಬಿಟ್ಟು, ಈಗ ತಳ್ಕಂಡೋಗಿ ಅಂದವನು, ಸೊಸೈಟಿ ಗುಮಾಸ್ತರು ಸೈಕಲ್ ಕದ್ದರು ಅಂತ ಊರೆಲ್ಲ ಆದರೆ — ಠಾಣೆಯ ಮುಂದೆ ಮುಖ ತಗ್ಗಿಸಿ ದಾಟಿದ. ಎಲೆ ಅಂಗಡಿಯ ಮುಂದೆ ಜನವಿರಲಿಲ್ಲ. ಕರಿಕಂಬಳಿ ಹೊದ್ದ ಒಬ್ಬ ಉದ್ದನೆಯ ಆಳು ಪುಟ್ಟಮಲ್ಲಪ್ಪನ ಸೈಕಲ್ಲನ್ನು, ಹೌದು ಅದನ್ನೇ, ಮಗುವನ್ನು ಹಿಡಿದ ಹಾಗೆ ಎರಡೂ ಕೈಲಿ ಹಿಡಿದು ನಿಂತಿದ್ದ. ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೂತಿದ್ದಳು, ಎಡಗಾಲು ಕೋಲಿನ ಹಾಗೆ ನೆಟ್ಟಗೆ ಮುಂದಕ್ಕೆ ಚಾಚಿ.

ಬಂದ್ರು ನೋಡವ್ವ, ಯೇಳ್ನಿಲ್ವಾ ನಾನು, ಬತ್ತಾರೆ ಅಂತ, ಅಂದಳು ಚನ್ನಮಲ್ಲಮ್ಮ ಎಲೆಗೆ ನೀರು ಚಿಮುಕಿಸುತ್ತಾ, ಪುಟ್ಟಮಲ್ಲಪ್ಪನೋರೆ, ನಿಮಗೆ ಕಣ್ಣು ಎಲ್ಲಿತ್ತು. ಉದ್ದನೆಯವನು ಕೋಪ ಮಾಡಿಕೊಂಡಿರಲಿಲ್ಲ, ಅದೇ ಆಶ್ಚರ್ಯ, ಟೈರು ಒಸಾದು ಸಾ ನಿಮ್ದು, ಅಂದ, ಒಸ ಟೈರು ಬುಟ್ಟು ಅಳೇ ಟೈರು ತಕಂಡೋಗೋ ಕಳ್ಳ ಎಲ್ಲವನೆ, ಅದ್ಕೇ ಕಾಯ್ತಾ ನಿಂತಿದ್ದು. ಹೆಸರು ಮಾದಣ್ಣ, ಬಂಡಳ್ಳಿಯವನು, ಇವಳು ರಾಚಮ್ಮ, ರೇಷ್ಮೆ ಗೂಡು ಮಾರಿದ ಕಾಸು ಇಸ್ಕಳಕೆ ಬಂದಿದ್ರಂತೆ. ಪುಟ್ಟಮಲ್ಲಪ್ಪ ತಪ್ಪಾಯ್ತು ಅಂದ, ಎಲೆ ಅಡಿಕೆಯ ಚೀಲ ತನ್ನ ಹ್ಯಾಂಡಲ್ಲಿಗೆ ಹಾಕಿಕೊಂಡ, ಗಂಟು ಕೊಟ್ಟ, ಬಿಚ್ಚಿದ್ದು ಗೊತ್ತಾದೀತೆಂದು ನಾಚಿಕೆಯಾಯಿತು, ಕಣ್ಣು ಮಾತ್ರ ಅಂಗಡಿಯ ಒಳಗೂ ಬೀದಿಯ ಆಚೆಗೂ ಹುಡುಕುತ್ತಿತ್ತು. ಮಗು ಎಲ್ಲಿ, ಅಂದ. ಯಾವ ಮಗ ಸಾ, ಅಂದ ಮಾದಣ್ಣ. ಬಾರಿನ ಮೇಲೆ ಕೂರಿಸ್ಕೊಂಡು ಬರ್ತೀರಲ್ಲ, ಟವಲು, ಬೆಲ್ಲು, ಚಿಕ್ಕ ಮುದ್ದೆ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು, ರಾಚಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು, ನಾನೇ ಕಣ್ಸಾ ಆ ಮಗ. ಮಕ್ಕಳು ಮರಿ ಇಲ್ಲ ಸಾ ನಮ್ಗೆ, ಅಂದ ಮಾದಣ್ಣ, ಮಳೆ ಇಲ್ಲ ಅಂದಷ್ಟೇ ಸಲೀಸಾಗಿ, ಗಾಡಿ ಚಕ್ರ ಕಾಲ್ಮೇಲೆ ಅರ್ದು ಇವಳ ಮಂಡಿ ಮಡ್ಚಕಾಗಲ್ಲ, ಎಣ್ಣೆ ತಿಕ್ದ್ರೆ ವಸಿ ಆಯಾಗ್ತದೆ, ಹಿಂದ್ಕೆ ಕೂರ್ಸುದ್ರೆ ಕಾಲು ಯಾವ ಗಾಡಿಗೆ ತಗಲ್ತದೆ ಅಂತ ನಂಗೆ ಕಾಣಲ್ಲ, ಮುಂದ್ಕೆ ಕೂರ್ಸ್ಕಂಡ್ರೆ ಕಾಣ್ತದೆ. ಮುದ್ದೆ ಅವಳು ಉಣ್ಣೋದೇ ಅಷ್ಟು. ಜನ ನಗಲ್ವಾ, ಅಂತ ಕೇಳಿಬಿಟ್ಟ ಪುಟ್ಟಮಲ್ಲಪ್ಪ, ಕೇಳಬಾರದಿತ್ತು, ಆದರೂ ತಿಳಿಯಬೇಕಿತ್ತು. ನಕ್ರು, ಮೊದಮೊದ್ಲು, ಅಂದ ಮಾದಣ್ಣ, ಪೋಲೀಸ್ ಟೇಸನ್ ಹತ್ರ ಮಾತ್ರ, ಡಬಲ್ ಓದ್ರೆ ಇಡೀತಾರೆ ಅಂತ, ನಾ ಇಳ್ದು ತಳ್ತೀನಿ, ಇವಳು ಕೂತೇ ಇರ್ತಾಳೆ, ತಳ್ಳುದ್ರೆ ಡಬಲ್ ಅಲ್ವಂತೆ. ಆಮೇಲೆ ಟವಲಿನ ಗಂಟು ಬಿಗಿ ಮಾಡುತ್ತಾ, ತಲೆ ಎತ್ತದೆ ಅಂದ, ಇನ್ನೊಂದು ಏನಪ್ಪ ಅಂದ್ರೆ ಸಾ, ಹಿಂದ್ಕೆ ಕೂತೋರು ಆಡೋ ಮಾತು ಗಾಳಿಗೆ ಓಯ್ತದೆ. ಮುಂದ್ಕೆ ಕೂತ್ರೆ ಪೂರಾ ಕೇಳ್ತದೆ.

ಅವಳ ಕಂಕುಳಿಗೆ ಕೈಕೊಟ್ಟು ಎತ್ತಿ ಬಾರಿನ ಮೇಲೆ ಕೂರಿಸಿದ, ಕಾಲು ಎಡಕ್ಕೆ ನೆಟ್ಟಗೆ ಚಾಚಿಕೊಂಡಿತು, ಅವನು ಹತ್ತಿ ಬಲಕ್ಕೆ ವಾಲಿದ, ಅವಳ ತಲೆ ಸರಿಯಾಗಿ ಅವನ ಗದ್ದದ ಕೆಳಗೆ ಬಂತು, ಎಣ್ಣೆ ಹಾಕಿ ಬಾಚಿದ ತಲೆ, ನಡುವೆ ನೆಟ್ಟಗೆ ಬೈತಲೆ, ಅದರ ತುಂಬ ಕೆಮ್ಮಣ್ಣಿನ ಧೂಳು, ಬಂಡಳ್ಳಿಯವರೆಗೂ ಅವನು ಅದನ್ನೇ ನೋಡುತ್ತಾ ಹೋಗುತ್ತಾನೆ, ರಸ್ತೆ ನೋಡಬೇಕೆಂದರೂ ಅದರ ಮೇಲಿಂದಲೇ — ಅವಳು ಏನೋ ಹೇಳಿದಳು, ಅವನು ಹೂಂ ಅಂದ, ಹೊರಟುಹೋದರು. ಪುಟ್ಟಮಲ್ಲಪ್ಪ ತನ್ನ ಸೈಕಲ್ಲಿನ ಪಕ್ಕದಲ್ಲಿ ನಿಂತೇ ಇದ್ದ. ಒಂದು ಸಲ ಕೇಳಿದ್ದಳಲ್ಲ ಶಿವರತ್ನಮ್ಮ, ಮದುವೆಯಾದ ಹೊಸದರಲ್ಲಿ, ಅಗರಕ್ಕೆ ತವರಿಗೆ ಹೋಗುವಾಗ, ನಿಮ್ಮ ಸೈಕಲ್ಲಲ್ಲೇ ಓಗಣ್ವಾ, ಥೂ ಜನ ಏನಂದಾರು ಅಂತ ಬಸ್ಸಿಗೆ ಹತ್ತಿಸಿ ತಾನು ಸೈಕಲ್ಲು ತುಳಿದುಕೊಂಡು ಹೋದ, ಬಸ್ಸು ದಾರಿಯಲ್ಲಿ ಕೆಟ್ಟು ತಾನೇ ಮೊದಲು ಮುಟ್ಟಿ, ಅಗರದ ಅರಳಿಕಟ್ಟೆಯ ಮೇಲೆ ಅವಳಿಗೆ ಕಾಯುತ್ತಾ ಕೂತ, ಅದನ್ನು ಹೇಳಿಕೊಂಡು ಎಲ್ಲರೂ ನಕ್ಕದ್ದೇ ಬಂತು. ಮತ್ತೆ ಅವಳು ಕೇಳಲಿಲ್ಲ. ಮತ್ತೆ ಏನನ್ನೂ ಕೇಳಲಿಲ್ಲ, ಅಥವಾ ಕೇಳಿದ್ದಳೋ, ತನಗೇ ಕೇಳಿಸಲಿಲ್ಲವೋ. ಇವತ್ತು ಬೆಳಿಗ್ಗೆ ಬಾಗಿಲಲ್ಲಿ ನಿಂತು ಏನೋ ಅಂದಳು. ಅಂದದ್ದು ಹೌದು, ತುಟಿ ಅಲ್ಲಾಡಿತು, ತಾನು ಆಗಲೇ ಪೆಡಲ್ ತುಳಿದಾಗಿತ್ತು, ಏನಂದಳು. ಏನಂದಿರಬಹುದು. ಯಾವನೋ ಕಂಡರಿಯದ ಬಂಡಳ್ಳಿಯವನ ಮನೆಯ ಮುದ್ದೆ ಬಿಚ್ಚಿ ನೋಡಿದವನಿಗೆ, ಚಕ್ರದ ಮಣ್ಣು ಗುರುತಿಸಿದವನಿಗೆ, ತನ್ನ ಮನೆ ಬಾಗಿಲಲ್ಲಿ ಆಡಿದ ಮಾತು ಗೊತ್ತಿಲ್ಲ. ಏನ್ ಪುಟ್ಟಮಲ್ಲಪ್ಪನೋರೆ, ಒತ್ತಾಯ್ತದೆ, ಯಳಂದೂರಿಗೆ ಓಗಲ್ವಾ, ಅಂದಳು ಚನ್ನಮಲ್ಲಮ್ಮ. ಮನೆ ಕಡೆಗೆ ಹ್ಯಾಂಡಲ್ ತಿರುಗಿಸಿದ, ಮಾವ ಕಾಯುತ್ತಾರೆ, ಕಾಯಲಿ, ಆ ಹುಡುಗಿ ಪಾಪ ಹೊಸ ಸೀರೆ ಉಟ್ಟು ಕೂತಿರುತ್ತಾಳೆ, ಯಾರನ್ನಾದರೂ ಕಳಿಸಿ ಬರುವುದಿಲ್ಲ ಅಂತ ಹೇಳಿಸಬೇಕು, ಅವ್ವ ಕೂಗಾಡುತ್ತಾಳೆ, ಕೂಗಾಡಲಿ, ಮೊದಲು ಅದೊಂದು ಮಾತು ತಿಳಿಯಲಿ.

ಹಿತ್ತಲಿನಲ್ಲಿ ಶಿವರತ್ನಮ್ಮ ಮೊರ ಮಡಿಲಲ್ಲಿಟ್ಟುಕೊಂಡು ರಾಗಿಯ ಕಲ್ಲು ಆರಿಸುತ್ತಿದ್ದಳು, ಬಗ್ಗಿಸಿದ ತಲೆ, ನೆರಳು ಬಿದ್ದದ್ದು ಗೊತ್ತಾದರೂ ಎತ್ತಲಿಲ್ಲ, ಪಂಚೆಯ ಅಂಚು ಮಾತ್ರ ಕಂಡಿರಬೇಕು, ಗ್ರೀಸಾಯ್ತಾ, ಅಂದಳು. ಬೆಳಿಗ್ಗೆ ಏನೋ ಅಂದ್ಯಲ್ಲ, ಏನಂದೆ, ಅಂದ ಪುಟ್ಟಮಲ್ಲಪ್ಪ, ಏದುಸಿರು ಇನ್ನೂ ಇಳಿದಿರಲಿಲ್ಲ. ಅವಳ ಬೆರಳು ರಾಗಿಯಲ್ಲಿ ಸ್ವಲ್ಪ ಹೊತ್ತು ಓಡಾಡಿತು, ಒಂದು ಕಲ್ಲು ತೆಗೆದು ಪಕ್ಕಕ್ಕೆ ಇಟ್ಟಿತು. ಆ ಹುಡುಗಿ ಹೆಸರು ಕೇಳ್ಕೊಂಡ್ ಬನ್ನಿ ಅಂದೆ, ಅಂದಳು, ಮನೆಗೆ ಬಂದ್ಮೇಲೆ ಕರೀಬೇಕಲ್ಲ. ಅವನು ಮೊರದ ಹತ್ತಿರ ಬಗ್ಗಿ ನಿಂತ, ನಾ ಓಗ್ನಿಲ್ಲ ಅಂದ, ಇನ್ನು ಓಗಲ್ಲ ಅಂದ, ಕೇಳಿಸಿತೋ ಇಲ್ಲವೋ, ಅಲ್ಲಿ ಗಾಳಿಯಂತೂ ಇರಲಿಲ್ಲ, ಬೆರಳು ನಿಂತಿತು, ತಲೆ ಎತ್ತುತ್ತಾಳೆ ಅಂದುಕೊಂಡ, ಎತ್ತಲಿಲ್ಲ, ತಲೆ ಇನ್ನಷ್ಟು ಬಗ್ಗಿತು, ಅವನ ಗದ್ದದ ಕೆಳಗೆ, ಇಷ್ಟು ಹತ್ತಿರ, ಇಷ್ಟು ವರ್ಷ ಮೇಲಿನಿಂದ ಒಮ್ಮೆಯೂ ನೋಡಿರದ ಬೈತಲೆ, ನೆಟ್ಟಗಿಲ್ಲ, ನಡುವೆ ಎಡಕ್ಕೆ ಕೊಂಚ ಸರಿದು ಮತ್ತೆ ಹಾದಿಗೆ ಬರುತ್ತದೆ, ಸರಿದ ಕಡೆ ಎರಡು ಬಿಳಿ ಕೂದಲು, ಯಾವಾಗ ಬಂದವು, ಬೈತಲೆ, ಅದರ ಎರಡು ಬಿಳಿ ಕೂದಲು, ಬೈತಲೆ